ನಾಲ್ಕನೆಯ ಹಾಳೆ

ತಂಗಿಯ ಗಂಡ ತೀರಿಕೊಂಡ ಸುದ್ದಿ ಬಂದಾಗ ಅವನು ಕಾರ್ಖಾನೆಯ ಕಚೇರಿಯಲ್ಲಿ ತಪಾಸಣೆಯ ದಿನಾಂಕ ಗೊತ್ತುಮಾಡುವ ಪತ್ರ ಬರೆಯುತ್ತಿದ್ದ. ಮಂಗಳವಾರ, ಬೆಳಿಗ್ಗೆ ಹತ್ತೂಕಾಲು. ಕಾರ್ಖಾನೆಯ ಸದ್ದು ಒಮ್ಮೆಲೇ ನಿಂತಿತು. ಊಟದ ಹೊತ್ತಿನಲ್ಲಿ ಬಿಟ್ಟರೆ ಆ ಸದ್ದು ನಿಂತದ್ದನ್ನು ಅವನು ಹದಿನೆಂಟು ವರ್ಷಗಳಲ್ಲಿ ಕೇಳಿರಲಿಲ್ಲ. ಟೈಪಿಸ್ಟ್ ಹುಡುಗಿ ಬಾಗಿಲಿಗೆ ಬಂದು, "ಸಾರ್, ಎರಡನೇ ಪ್ರೆಸ್ಸು... ನಿಮ್ಮ ಭಾವಮೈದುನ" ಎಂದಷ್ಟೇ ಹೇಳಿ ಗೋಡೆಗೆ ಒರಗಿದಳು.

ತಗಡು ಒತ್ತಿ ಡಬ್ಬಿಯ ಮುಚ್ಚಳ ಮಾಡುವ ಯಂತ್ರ ಅದು. ಸಿಕ್ಕಿಕೊಂಡ ತಗಡನ್ನು ಬಿಡಿಸಲು ಬಗ್ಗಿದವನ ಮೇಲೆ ಇಳಿದಿತ್ತು. ಒಳಗೆ ಕೈಯಾಗಲಿ ತಲೆಯಾಗಲಿ ಹೋಗದಂತೆ ತಡೆಯುವ ಜಾಲರಿ ಆ ಯಂತ್ರಕ್ಕೆ ಇರಲಿಲ್ಲ. ಸತ್ತವನಿಗೆ ಮೂವತ್ತನಾಲ್ಕು ವರ್ಷ. ಇಬ್ಬರು ಹೆಣ್ಣುಮಕ್ಕಳು, ಚಿಕ್ಕದಕ್ಕೆ ಇನ್ನೂ ಮಾತು ಸರಿಯಾಗಿ ಬರುತ್ತಿರಲಿಲ್ಲ.

ಐದನೆಯ ದಿನ ಮಾಲೀಕರು ಅಪಘಾತದ ವರದಿಗೆ ಸಹಿ ಹಾಕಿದರು. ಕಾರಣ ಬರೆಯುವ ಅಂಕಣದಲ್ಲಿ ಎರಡೇ ಮಾತು: ಕೆಲಸಗಾರನ ಅಜಾಗರೂಕತೆ. ಆ ಎರಡು ಮಾತು ನಿಂತರೆ ತಂಗಿಗೆ ಸಿಗುವುದು ಆರು ತಿಂಗಳ ಸಂಬಳ, ಅಷ್ಟೇ. ಅಪಾಯ ಗೊತ್ತಿದ್ದೂ ಕಂಪನಿ ಸುಮ್ಮನಿತ್ತು ಎಂದು ತೋರಿಸಿದರೆ ಮಕ್ಕಳ ಓದು ಮುಗಿಯುವವರೆಗೆ ಜೀವನ ನಡೆಯುತ್ತದೆ. ತಂಗಿ ವರದಿಯನ್ನು ಎರಡು ಸಲ ಓದಿ ಮಡಿಚಿಟ್ಟಳು. "ದುಡ್ಡು ಹೋದರೆ ಹೋಗಲಿ ಅಣ್ಣ," ಎಂದಳು. "ಅವರು ಅಜಾಗರೂಕರಲ್ಲ. ಮನೆಯಲ್ಲಿ ಗ್ಯಾಸ್ ಆರಿಸಿದೆಯಾ ಅಂತ ಮೂರು ಸಲ ಎದ್ದು ನೋಡೋ ಮನುಷ್ಯ."

 ಅವನಿಗೆ ಮಾತ್ರ ಗೊತ್ತಿದ್ದ ಸಂಗತಿಯೊಂದು ಬೇರೆ ಇತ್ತು.

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಫೈಲಪ್ಪ ಎನ್ನುತ್ತಿದ್ದರು. ಮುಚ್ಚಳ ಕೊಳ್ಳುವ ದೊಡ್ಡ ಗಿರಾಕಿಯೊಬ್ಬರು, ನಿಮ್ಮ ಆಡಳಿತದ ಕ್ರಮ ಸರಿಯಾಗಿದೆ ಎಂಬ ಪ್ರಮಾಣಪತ್ರ ತಂದರೆ ಮಾತ್ರ ಮುಂದಿನ ವರ್ಷದ ಆರ್ಡರ್ ಎಂದು ಬರೆದಿದ್ದರು. ಪತ್ರ ಬಂದ ದಿನದಿಂದ ಮಾಲೀಕರಿಗೆ ನಿದ್ದೆಯಿಲ್ಲ, ಅವನಿಗೆ ನೆಮ್ಮದಿಯಿಲ್ಲ. ಸಲಹೆಗಾರರ ಶುಲ್ಕ, ಅಳತೆಯ ಉಪಕರಣಗಳ ಪರೀಕ್ಷೆ, ಕೆಲಸಗಾರರ ತರಬೇತಿ, ತಪಾಸಣೆಗಾರರ ದಿನದ ಲೆಕ್ಕ, ಆಮೇಲೆ ಎರಡು ವರ್ಷ ಅವರು ಮತ್ತೆ ಬಂದು ನೋಡುವ ಖರ್ಚು, ಎಲ್ಲ ಸೇರಿಸಿ ಏಳು ಹಾಳೆಯ ಬಜೆಟ್ಟು ಮಾಡಿದ. ಮೂರು ಸಲ ಮಾಡಿದ. ಮೂರು ಸಲವೂ ಕೆಂಪು ಪೆನ್ಸಿಲ್ಲಿನ ಗೀಟು ಹೊತ್ತು ಅದು ವಾಪಸು ಬಂತು. ಪ್ರತಿ ಗೀಟಿನ ಪಕ್ಕದಲ್ಲೂ 'ಈಗ ಬೇಡ'. ಒಂದು ಕಾಗದಕ್ಕೆ ಇಷ್ಟು ಸುರಿದರೆ ಅದಕ್ಕೆ ಚೌಕಟ್ಟಾದರೂ ಅವರೇ ಹಾಕಿಸಿ ಕೊಡ್ತಾರೇನ್ರೀ ಎಂದು ಮಾಲೀಕರು ಎಲ್ಲರೆದುರು ಕೇಳಿದ್ದರು. ನಾಲ್ಕನೆಯ ಸಲ ಅವರಿಗೇ ಬೇಸರ ಬಂದು, ಪುಟದ ಅಡಿಯಲ್ಲಿ ತಮ್ಮ ಹೆಸರು ಮಾತ್ರ ಅಚ್ಚಾಗಿದ್ದ ಹತ್ತು ಖಾಲಿ ಹಾಳೆಗಳಿಗೆ ಸಹಿ, ದಿನಾಂಕ ಹಾಕಿ, ಒಟ್ಟು ಮೊತ್ತ ತಾವು ಹೇಳಿದಷ್ಟಿರಲಿ, ಒಳಗೆ ಏನಾದರೂ ತುಂಬಿಕೊಳ್ಳಿ ಎಂದರು.

ಆ ದಿನಗಳಲ್ಲೇ ತಂಗಿಯ ಗಂಡ ಅವನ ಮೇಜಿನ ಬಳಿ ಬಂದು ಜಾಲರಿಯ ಮಾತೆತ್ತಿದ್ದ. ಒಂದು ಸಲವಲ್ಲ, ಮೂರು ಸಲ. ಇನ್ನೊಂದು ಸಾಲು ಸೇರಿಸಿದರೆ ಇನ್ನೊಂದು ಕೆಂಪು ಗೀಟು ಎಂದು ಅವನಿಗೆ ಗೊತ್ತಿತ್ತು. ಬಾಯಿಮಾತು ಬೇಡ, ಬರೆದು ಕೊಡು, ಮುಂದಿನ ವರ್ಷ ನೋಡೋಣ ಎಂದು ಸಾಗಹಾಕಿದ್ದ. ಇದು ತಂಗಿಗೆ ತಿಳಿಯದು. ದೇವರಿಗೆ ತಿಳಿದಿತ್ತು, ಅದಕ್ಕೇ ಆ ವಾರ ಅವನು ಬೆಳಗಿನ ಪ್ರಾರ್ಥನೆಯನ್ನು ಬಿಡದಿದ್ದರೂ ಬೇಗ ಮುಗಿಸುತ್ತಿದ್ದ.

ತಾನು ಬರೆದಿದ್ದರೂ ಮಾಲೀಕ ಅದನ್ನು ಹೊಡೆದುಹಾಕುತ್ತಿದ್ದ. ಈ ಒಂದು ವಾಕ್ಯವನ್ನು ಅವನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡನೆಂದರೆ ಅದು ನಡೆದ ಸಂಗತಿಯೇ ಆಗಿಹೋಯಿತು. ನಡೆದದ್ದಕ್ಕೆ ಸಾಕ್ಷಿ ಇಲ್ಲದಿದ್ದರೆ ಸಾಕ್ಷಿ ಮಾಡಬೇಕು. ಅದು ಸುಳ್ಳಲ್ಲ, ತಡವಾಗಿ ಬರೆದ ಸತ್ಯ.

ಉಪಾಯ ಹೊಳೆದಾಗ ಅದರ ಸರಳತೆಗೆ ಅವನಿಗೇ ಬೆರಗಾಯಿತು. ಬಜೆಟ್ಟಿಗೆ ಒಂದು ಸಾಲು ಸೇರಿಸಿದರೆ ಮೊತ್ತ ಬದಲಾಗುತ್ತದೆ, ಮೊತ್ತ ಬದಲಾದರೆ ಏಳೂ ಹಾಳೆಯನ್ನು ಬದಲಿಸಬೇಕು. ಆದರೆ ಹೊಡೆದುಹಾಕಿದ ಸಾಲು ಮೊತ್ತಕ್ಕೆ ಸೇರುವುದಿಲ್ಲ. ನಾಲ್ಕನೆಯ ಹಾಳೆಯ ಕೊನೆಯಲ್ಲಿ ಎರಡು ಬೆರಳಿನಷ್ಟು ಜಾಗವಿತ್ತು. ಅಲ್ಲಿ 'ಎರಡನೆಯ ಪ್ರೆಸ್ಸಿಗೆ ರಕ್ಷಣೆಯ ಜಾಲರಿ' ಎಂದು ಬರೆದು, ಅದರ ಮೇಲೊಂದು ಕೆಂಪು ಗೀಟು ಎಳೆದರೆ ಸಾಕು. ಒಂದೇ ಹಾಳೆ ಬದಲಾಗಬೇಕು, ಬೇರೆ ಯಾವ ಅಂಕಿಯೂ ಅಲುಗುವುದಿಲ್ಲ.

ಅವನು ಅವಸರ ಮಾಡಲಿಲ್ಲ. ಸಹಿಯಾದ ಹತ್ತು ಹಾಳೆಯಲ್ಲಿ ಏಳು ಖರ್ಚಾಗಿ ಮೂರು ಉಳಿದಿದ್ದವು. ಸಹಿ ಅಸಲಿ, ದಿನಾಂಕವೂ ಅಸಲಿ. ಮುದ್ರಿಸುವ ಯಂತ್ರ ಅದೇ. ಅಕ್ಷರ ಇನ್ನೂ ಬದಲಾಗಿರಲಿಲ್ಲ, ಶಾಯಿಯ ಡಬ್ಬಿಯನ್ನೂ ತುಂಬಿಸಿರಲಿಲ್ಲ. ಕೆಂಪು ಪೆನ್ಸಿಲ್ಲನ್ನು ಮಾಲೀಕರ ಮೇಜಿನಿಂದಲೇ ಎತ್ತಿಕೊಂಡು, ಕೆಲಸ ಮುಗಿದ ಮೇಲೆ ಅಲ್ಲೇ ಇಟ್ಟ. 'ಈಗ ಬೇಡ' ಎಂಬುದನ್ನು ರದ್ದಿ ಕಾಗದದ ಮೇಲೆ ನಲವತ್ತು ಸಲ ಬರೆದು ಕೈ ಪಳಗಿಸಿಕೊಂಡ. ಆ 'ಡ'ದ ಬಾಲ ಎಡಕ್ಕೆ ಬಾಗುತ್ತದೆ ಎಂಬುದನ್ನು, ಮೂರು ಬಜೆಟ್ಟು ಹೊತ್ತು ಅವಮಾನ ತಿಂದವನಲ್ಲದೆ ಬೇರೆ ಯಾರು ಗಮನಿಸಿಯಾರು? ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನೂ ತಿದ್ದಿದ. ಮಾಲೀಕರ ಬಳಿ ಬೇರೆ ಪ್ರತಿ ಇರಲಿಲ್ಲ. ನಿಮ್ಮ ಬೀರುವಿನಲ್ಲಿದ್ದರೆ ನನ್ನ ಬೀರುವಿನಲ್ಲಿದ್ದ ಹಾಗೆ ಎಂಬುದು ಅವರ ಪದ್ಧತಿ.

ತುಂಬಿದ ಹಾಳೆಗಳ ಕಡತವನ್ನು ಮಾಲೀಕರು ನೋಡಿ ತಂಗಿಯ ಗಂಡನ ಕೈಯಲ್ಲಿ ವಾಪಸು ಕಳಿಸಿದ ದಿನ ಸಿಟ್ಟಿನಲ್ಲಿ ಅದನ್ನು ಬಿಚ್ಚಿಯೂ ನೋಡದೆ ಬೀರುವಿಗೆ ಎಸೆದಿದ್ದ. ಈಗ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಹಳೆಯ ನಾಲ್ಕನೆಯ ಹಾಳೆಯನ್ನು ಎಳೆದು ತೆಗೆದ. ಅದರ ಒಂದೊಂದು ಅಂಕಿಯೂ ಅವನಿಗೆ ಬಾಯಿಪಾಠ, ಓದುವುದಕ್ಕೆ ಏನಿದೆ? ಸುರುಳಿ ಸುತ್ತಿ ಬಾಯ್ಲರಿನ ಬೆಂಕಿಗೆ ಹಾಕಿದ. ಅದು ಉರಿದು ಕಪ್ಪಾಗುವವರೆಗೆ ನಿಂತು ನೋಡಿದ. ಎಷ್ಟೋ ದಿನಗಳ ಮೇಲೆ ಎದೆಯ ಭಾರ ಸ್ವಲ್ಪ ಇಳಿಯಿತು.

ಕಾರ್ಮಿಕ ಇಲಾಖೆಯ ವಿಚಾರಣೆ ಒಂದು ಉದ್ದನೆಯ ಕೋಣೆಯಲ್ಲಿ ನಡೆಯಿತು. ಅಧಿಕಾರಿ ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ತಂಗಿ ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಅವನು ಕಡತವನ್ನು ತಾನಾಗಿ ಕೊಡಲಿಲ್ಲ, ಕೇಳುವವರೆಗೆ ಕಾದ. ಕೇಳಿದಾಗಲೂ ಒಡೆಯನ ಗುಟ್ಟು ಬಿಟ್ಟುಕೊಡುವ ನೌಕರನಂತೆ ಹಿಂದೆಮುಂದೆ ನೋಡಿ ಕೊಟ್ಟ.

ಅಧಿಕಾರಿ ನಾಲ್ಕನೆಯ ಹಾಳೆಯಲ್ಲಿ ನಿಂತರು. ಅದನ್ನು ಮಾಲೀಕರ ಕಡೆ ತಿರುಗಿಸಿ, "ಈ ಗೀಟು ನಿಮ್ಮದಾ?" ಎಂದರು.

ಮಾಲೀಕರು ಹಾಳೆಯನ್ನು ನೋಡಿದರು, ಅವನನ್ನು ನೋಡಿದರು.   ನಾನು ಎಳೆದಿಲ್ಲ ಎಂದು ಅವರು ಕೂಗಾಡಬಹುದೆಂದು ಅವನು ಲೆಕ್ಕ ಹಾಕಿದ್ದ, ಅದಕ್ಕೆ ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದ. ಅವರು ಕೂಗಾಡಲಿಲ್ಲ. ಏನನ್ನೋ ಹೇಳಿದರೆ ಇನ್ನೇನನ್ನೋ ಒಪ್ಪಿಕೊಳ್ಳಬೇಕಾಗುತ್ತದೆ ಎಂಬಂತೆ ತಲೆ ತಗ್ಗಿಸಿದರು. ಈ ಮೌನವನ್ನು ಅವನು ಗೆಲುವೆಂದೇ ಎಣಿಸಿದ. ತಂಗಿ ಮೊದಲ ಬಾರಿಗೆ ತಲೆ ಎತ್ತಿ ಕುಳಿತಳು.

ಅಧಿಕಾರಿ ಮೇಜಿನ ಕೆಳಗಿನಿಂದ ಇನ್ನೊಂದು ಲಕೋಟೆ ತೆಗೆದರು. ಪ್ರಮಾಣಪತ್ರ ಕೊಡುವ ಸಂಸ್ಥೆಯವರಿಂದ ತರಿಸಿದ್ದು ಎಂದರು. ಶುಲ್ಕದಲ್ಲಿ ರಿಯಾಯಿತಿ ಕೇಳಲು, ತಮ್ಮ ಕೈ ಎಷ್ಟು ಬಿಗಿಯಾಗಿದೆ ಎಂದು ತೋರಿಸಲು, ಮಾಲೀಕರು ಒಂದು ದಿನ ಅವನಿಲ್ಲದಾಗ ಬೀರುವಿನಿಂದ ಕಡತ ತೆಗೆದು ಇಡೀ ಬಜೆಟ್ಟಿನ ನಕಲನ್ನು ಅವರಿಗೆ ಕಳಿಸಿದ್ದರಂತೆ. ನಕಲು ಯಂತ್ರ ಹಾಳೆಯ ಎರಡು ಮಗ್ಗುಲನ್ನೂ ತೆಗೆದಿತ್ತು. ಆ ನಾಲ್ಕನೆಯ ಹಾಳೆಯ ಮುಂದುಗಡೆ ಜಾಲರಿಯೂ ಇಲ್ಲ, ಗೀಟೂ ಇಲ್ಲ. ಹಿಂದುಗಡೆ, ಅವನು ಒಮ್ಮೆಯೂ ಮಗುಚಿ ನೋಡದ ಕಡೆ, ಪೆನ್ನಿನಲ್ಲಿ ಬರೆದ ನಾಲ್ಕು ಸಾಲು. ಕಡತವನ್ನು ಮಾಲೀಕರ ಕೋಣೆಯಿಂದ ಹೊತ್ತು ತಂದವನೇ ಬರೆದದ್ದು, ಸಾಯುವುದಕ್ಕೆ ಹತ್ತೊಂಬತ್ತು ದಿನ ಮೊದಲು. ಅಧಿಕಾರಿ ಓದಿದರು: "ಭಾವ, ಬಾಯಿಮಾತು ಬೇಡ, ಬರೆದು ಕೊಡು ಅಂದಿದ್ದಿರಿ. ಎರಡನೇ ಪ್ರೆಸ್ಸಿಗೆ ಜಾಲರಿ ಬೇಕು. ಇವತ್ತು ಮಾಲೀಕರನ್ನೇ ಕೇಳಿದೆ. ನಿಮ್ಮ ಭಾವ ಬರೆದರೆ ಸಹಿ ಹಾಕುತ್ತೇನೆ ಅಂದರು. ಈ ಹಾಳೆಯಲ್ಲಿ ಕೆಳಗೆ ಜಾಗ ಇದೆ." ಮಾಲೀಕರಿಗೆ ಅಪಾಯ ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಅಧಿಕಾರಿ ಕನ್ನಡಕ ತೆಗೆದರು. "ಇದು ನಕಲು. ಇದಕ್ಕೆ ಬೆಲೆ ಬರಬೇಕಾದರೆ ಅಸಲು ಬೇಕು. ಅಸಲು ಹಾಳೆ ಎಲ್ಲಿ?" ಎಂದರು. ಬೆಂಚಿನಿಂದ ಎದ್ದು ಬಂದ ತಂಗಿ ಆ ಅಕ್ಷರಗಳ ಮೇಲೆ ಬೆರಳಿಟ್ಟಳು. ಅಣ್ಣನ ಕಡೆ ತಿರುಗಲಿಲ್ಲ. ಅವನ ಕೈಗಳು ತಾವಾಗಿ ಕೂಡಿಕೊಂಡವು. ತನಗೆ ಏನನ್ನಾದರೂ ಬೇಡಲು ಅವನಿಗೆ ಬಾಯಿ ಬರಲಿಲ್ಲ. ದೇವರೇ, ಹೇಳಬೇಕಾದ್ದನ್ನು ಹೇಳಿ, ಬರೆಯಬೇಕಾದ್ದನ್ನು ಬರೆದು ಕೆಲಸಕ್ಕೆ ಹೋದ ಆ ಜೀವಕ್ಕೆ ನಿನ್ನ ಬಳಿಯಾದರೂ ಶಾಂತಿ ಸಿಗಲಿ.