ಗಾಳಿಗೆ ಅಡ್ಡಲಾಗಿ ಒಂದು ಬೆನ್ನು

"ಬ್ರೇಕ್ ಹಿಡೀಬೇಡಿ!"

ಹಿಂದಿನಿಂದ ಆ ಕೂಗು ಕೇಳುವಷ್ಟರಲ್ಲಿ ಅವಳು ಎರಡೂ ಬ್ರೇಕನ್ನು ಬಿಗಿಯಾಗಿ ಹಿಡಿದಾಗಿತ್ತು. ರಸ್ತೆಗೆ ಅಡ್ಡ ಬಂದ ನಾಯಿ ತನ್ನ ಪಾಡಿಗೆ ತಾನು ಹೋಯಿತು. ಅವಳೂ ಹೇಗೋ ನಿಂತಳು. ನಿಲ್ಲಲಾಗದೆ ಹೋದವನು ಹಿಂದಿದ್ದ ಆ ಉದ್ದನೆಯ ಆಸಾಮಿ! ಅವಳಿಗೆ ತಾಗಬಾರದೆಂದು ಹ್ಯಾಂಡಲ್ ತಿರುಗಿಸಿ, ಸೈಕಲ್ ಸಮೇತ ಪಕ್ಕದ ಹುಲ್ಲಿನ ಹಳ್ಳಕ್ಕೆ ಉರುಳಿದ.

'ಮುಗೀತು... ಮೊದಲ ದಿನವೇ ಒಬ್ಬರನ್ನು ಕೆಡವಿದೆ!'

ಹಳ್ಳದಿಂದ ಮೊದಲು ಒಂದು ಉದ್ದನೆಯ ಕೈ ಮೇಲೆ ಬಂತು. ಆಮೇಲೆ ಹುಲ್ಲು ಮೆತ್ತಿಕೊಂಡ ಹೆಲ್ಮೆಟ್ಟು. ಬೈಗುಳಕ್ಕೆ ಸಿದ್ಧಳಾಗಿ ಅವಳು ತಲೆ ತಗ್ಗಿಸಿದಳು.

"ನಿಮಗೇನೂ ಆಗ್ಲಿಲ್ಲ ತಾನೇ?"

ಅವನ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಅವನು ಮಾತ್ರ ಅವಳ ಕೈಕಾಲು ನೋಡುತ್ತಿದ್ದ. ಯಾರಾದರೂ ತನ್ನನ್ನು ಹಾಗೆ ಕೇಳಿ ಎಷ್ಟು ಕಾಲವಾಗಿತ್ತೋ! ಅವಳು ಕರವಸ್ತ್ರ ತೆಗೆದು ಅವನತ್ತ ಚಾಚಿದಳು.

ತಂಡದ ಹಿರಿಯರಾದ ರಿಟೈರ್ಡ್ ಪೋಸ್ಟ್‌ಮಾಸ್ಟರ್ ಸೈಕಲ್ ಒರಗಿಸಿ ಹೊಟ್ಟೆ ಹಿಡಿದು ನಕ್ಕರು.

"ಭಲೇ ತಾಯಿ! ಈ ಕಂಬವನ್ನ ಮಲಗಿಸೋಕೆ ನಾನು ವರ್ಷಗಳಿಂದ ಒದ್ದಾಡ್ತಿದ್ದೆ. ನೀನು ಒಂದೇ ಬೆಳಿಗ್ಗೇಲಿ ಮುಗಿಸಿದೆ ನೋಡು!"

ಹಾಗೆ ಅವಳು ಆ ತಂಡಕ್ಕೆ ಸೇರಿದಳು.

ನಲವತ್ತು ದಾಟಿದವರಿಗೆಂದೇ ಪ್ರತಿ ವಸಂತದಲ್ಲಿ ಒಂದು ಸೈಕಲ್ ರೇಸ್ ನಡೆಯುತ್ತಿತ್ತು; ಬಯಲು ದಾಟಿ ಗುಡ್ಡದ ಮೇಲೆ ಅದರ ಕೊನೆ. ಮೂವರ ತಂಡ. ಮೂವರಲ್ಲಿ ಯಾರು ಮೊದಲು ಗೆರೆ ದಾಟುತ್ತಾರೋ ಅವರ ಸ್ಥಾನವೇ ತಂಡದ ಸ್ಥಾನ. ಮೂರನೆಯವರೊಬ್ಬರು ಕೆಲಸ ಬದಲಾಗಿ ಬೇರೆ ಊರಿಗೆ ಹೋಗಿದ್ದರಿಂದ ಜಾಗ ಖಾಲಿಯಿತ್ತು. ಅವಳ ಅಕ್ಕ ಅದನ್ನು ಸೈಕಲ್ ಅಂಗಡಿಯಲ್ಲಿ ಕೇಳಿಕೊಂಡು ಬಂದು, ತಂಗಿಯನ್ನು ಹೆಚ್ಚುಕಡಿಮೆ ಮನೆಯಿಂದ ಹೊರಗೆ ದಬ್ಬಿದ್ದಳು.

ಅವಳು ಹಲ್ಲಿನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕಟ್ಟುಹಲ್ಲಿನ ಸೆಟ್ ತಯಾರಿಸುವವಳು. ಮೇಣ, ಪ್ಲಾಸ್ಟರು, ಸಣ್ಣ ಗರಗಸದ ಸದ್ದು... ಅಲ್ಲಿ ಯಾರೊಂದಿಗೂ ಮಾತಾಡಬೇಕಿರಲಿಲ್ಲ. ಮನೆಗೆ ಬಂದರೆ ಹಾಸಿಗೆ ಹಿಡಿದ ಅಮ್ಮ. ಅಮ್ಮ ತೀರಿಕೊಂಡ ಮೇಲೆ ಅವಳಿಗೆ ಸಂಜೆಗಳನ್ನು ಏನು ಮಾಡಬೇಕೆಂದೇ ತೋಚಿರಲಿಲ್ಲ. ಎಲ್ಲರನ್ನೂ ತಾನು ನೋಡಿಕೊಳ್ಳಬೇಕು, ತನ್ನಿಂದ ಯಾರಿಗೂ ತೊಂದರೆಯಾಗಬಾರದು... ಅಷ್ಟೇ ಅವಳಿಗೆ ಗೊತ್ತಿದ್ದ ಬದುಕು.

ಅಭ್ಯಾಸ ಶುರುವಾಯಿತು. ಮುಂದಿನವರ ಬೆನ್ನಿಗಂಟಿಕೊಂಡು ತುಳಿದರೆ ಗಾಳಿಯ ಹೊಡೆತವೆಲ್ಲ ಅವರಿಗೆ. ಹಿಂದಿರುವವರು ಅರ್ಧ ಶ್ರಮದಲ್ಲಿ ಸಾಗಬಹುದು. ಅದಕ್ಕೇ ಎಲ್ಲರೂ ಸರದಿಯ ಪ್ರಕಾರ ಮುಂದೆ ಹೋಗಬೇಕು.

ಅವಳ ಸರದಿ ಮಾತ್ರ ಬರುತ್ತಲೇ ಇರಲಿಲ್ಲ!

ಅವಳು ಪಕ್ಕಕ್ಕೆ ಸರಿದು ಮುಂದೆ ಬರಲು ನೋಡಿದರೆ ಆ ಉದ್ದನೆಯ ಕಂಬ ಕೈಬೀಸಿ, "ಹಿಂದೆ, ಹಿಂದೆ" ಅನ್ನುತ್ತಿದ್ದ. ಎಲ್ಲರೂ ಗಾಳಿ ಸೀಳಲು ಬಗ್ಗಿ ತುಳಿದರೆ, ಅವನು ಆರಾಮ ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ ಕೂತು ತುಳಿಯುತ್ತಿದ್ದ. ಒಮ್ಮೆಯೂ ಹಿಂತಿರುಗಿ ನೋಡುತ್ತಿರಲಿಲ್ಲ.

'ನನ್ನ ಜೊತೆ ಓಡಿಸೋಕೆ ಬಗ್ಗೋದೂ ಬೇಡ ಅನ್ನಿಸುತ್ತಾ ಇವನಿಗೆ? ಅಷ್ಟು ನಿಧಾನಾನಾ ನಾನು?'

ಆದರೂ ಹಾಳು ಮನಸ್ಸು! ಲಿಫ್ಟ್ ರಿಪೇರಿಯವನಾದ ಅವನ ಬೆರಳ ಸಂದಿಯ ಗ್ರೀಸು, ಬಾಟಲಿಯ ನೀರನ್ನು ಮೊದಲು ಪೋಸ್ಟ್‌ಮಾಸ್ಟರಿಗೆ ಕೊಟ್ಟು ಆಮೇಲೆ ತಾನು ಕುಡಿಯುವ ರೀತಿ... ಎಲ್ಲ ಅವಳ ಡೈರಿಯ ತನಕ ಬರುತ್ತಿದ್ದವು.

ರೇಸಿಗೆ ಒಂದು ವಾರವಿರುವಾಗ ಸೈಕಲ್ ಅಂಗಡಿಯ ಬಾಗಿಲಲ್ಲಿ ಅವಳು ಆ ಮಾತು ಕೇಳಿಸಿಕೊಂಡಳು. ಒಳಗೆ ಕಂಬ ಪೋಸ್ಟ್‌ಮಾಸ್ಟರಿಗೆ ಹೇಳುತ್ತಿದ್ದ:

"ಏನೇ ಆಗ್ಲಿ, ಅವರನ್ನ ಮುಂದೆ ಬಿಡೋದು ಬೇಡ ಸರ್. ಗಾಳಿಗೆ ಸಿಕ್ಕಿದ್ರೆ ಮುಗೀತು ಕಥೆ."

ಮುಖಕ್ಕೆ ಹೊಡೆದಂತಾಯಿತು. ಒಳಗೆ ಕಾಲಿಡದೆ ಅವಳು ಮನೆಗೆ ವಾಪಸಾದಳು.

"ಬಿಟ್ಬಿಡ್ತೀನಿ ಅಕ್ಕ. ಹೆಸರು ಕೊಟ್ಟಾಗಿದೆ, ಈ ರೇಸ್ ಒಂದು ಮುಗೀಲಿ. ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗಲ್ಲ."

"ಬಿಡು, ಬೇಡ ಅಂದವರ್ಯಾರು?" ಅಕ್ಕ ಬಟ್ಟೆ ಮಡಚುತ್ತಲೇ ಅಂದಳು. "ಆದ್ರೆ ಸೈಕಲ್ ಬಿಡೋಕೆ ಯಾರಾದ್ರೂ ಇಷ್ಟು ಅಳ್ತಾರೇನೇ? ಅವನ ಮಾತು ಬಂದಾಗಲೆಲ್ಲ ಗೋಡೆ ನೋಡ್ತೀಯಲ್ಲ, ಗೋಡೆ ಮೇಲೆ ಏನಿದೆ?"

"ಅಕ್ಕಾ!"

"ನಾನೇನೂ ಕೇಳಲಿಲ್ಲಪ್ಪ."

ರೇಸಿನ ದಿನ ಆಕಾಶ ತಿಳಿಯಾಗಿತ್ತು. ಮರಗಳಲ್ಲೆಲ್ಲ ಎಳೆ ಚಿಗುರು. ಹೊಲಗಳ ನಡುವಿನ ಬಯಲು ರಸ್ತೆಗೆ ಬಂದದ್ದೇ ತಡ, ಎದುರುಗಾಳಿ ಎದೆಗೆ ಒದ್ದಂತೆ ಬೀಸಿತು. ಮುಂದೆ ಕಂಬ, ಆಮೇಲೆ ಪೋಸ್ಟ್‌ಮಾಸ್ಟರ್. ಸರದಿ ಬದಲಾದರೆ ಮುಂದೆ ಪೋಸ್ಟ್‌ಮಾಸ್ಟರ್, ಆಮೇಲೆ ಕಂಬ. ಅವಳು ಹಿಂದೆಯೇ.

ಪಕ್ಕದ ತಂಡದವನೊಬ್ಬ ನಗುತ್ತಾ ಹೋದ. "ಮೇಡಂ, ನಿದ್ದೆಗಿದ್ದೆ ಬಂದ್ರೆ ಹೇಳಿ!"

ಸಾಕಿನ್ನು! ಅವಳು ಹಲ್ಲು ಕಚ್ಚಿ, ಇಬ್ಬರನ್ನೂ ದಾಟಿ ಮುಂದೆ ನುಗ್ಗಿದಳು.

ಗಾಳಿ! ಅಬ್ಬಾ, ಅದೆಂಥ ಗಾಳಿ! ಕಾಲಿನ ಶಕ್ತಿಯನ್ನೆಲ್ಲ ಯಾರೋ ಹಿಂಡಿ ತೆಗೆದಂತಾಯಿತು. ಇಷ್ಟು ಹೊತ್ತೂ ಇವರಿಬ್ಬರು ತಿಂದದ್ದು ಇದನ್ನೇ?

ಕಂಬ ಏದುಸಿರು ಬಿಡುತ್ತಾ ಪಕ್ಕಕ್ಕೆ ಬಂದ. "ಏನ್ ಮಾಡ್ತಿದೀರಿ ನೀವು? ಹಿಂದೆ ಹೋಗಿ!"

"ಹೋಗಲ್ಲ! ನಾನೇನು ನಿಮಗೆ ಹೊರೆ ಅಲ್ಲ!"

"ಹೊರೆನಾ?" ಅವನ ಸೈಕಲ್ ಒಂದು ಸಲ ಓಲಾಡಿತು. "ಯಾರಂದ್ರು?"

"ನೀವೇ! ಮುಂದೆ ಬಿಟ್ರೆ ಕಥೆ ಮುಗೀತು ಅಂದ್ರಲ್ಲ ಅಂಗಡೀಲಿ?"

"ಹೌದು, ಅಂದೆ! ಅಭ್ಯಾಸದಲ್ಲೇ ಗೊತ್ತಾಯ್ತು, ಕೊನೇ ಗುಡ್ಡ ನಮ್ಮಲ್ಲಿ ಹತ್ತಬಲ್ಲವರು ನೀವೊಬ್ರೇ. ನಮ್ಮಿಬ್ಬರ ಕಾಲಿಗೆ ಆ ಏರು ದಕ್ಕಲ್ಲ. ನೀವು ಗಾಳೀಲಿ ಸುಸ್ತಾದ್ರೆ ತಂಡ ಮುಗೀತು. ಅದಕ್ಕೇ ನಿಮ್ಮನ್ನ ಉಳಿಸ್ಕೊಂಡು ಬರ್ತಿದೀವಿ!"

ಅವಳು ಬೆಪ್ಪಾದಳು. "ಮತ್ತೆ... ಒಂದು ಮಾತು ಹೇಳಬಾರದಿತ್ತಾ?"

"ಹಿಂದೆ ಇಟ್ಕೊಳ್ಳೋದು ಅಂದ್ರೇನೇ ಅದಲ್ವಾ? ರೇಸ್ ಓಡಿಸೋರಿಗೆಲ್ಲ ಗೊತ್ತಿರುತ್ತೆ..." ಅನ್ನುತ್ತಾ ಅವನು ಅರ್ಧಕ್ಕೇ ನಿಲ್ಲಿಸಿದ. ಅವಳಿಗೆ ಇದು ಮೊದಲ ರೇಸ್ ಅನ್ನುವುದು ಆಗಷ್ಟೇ ಅವನ ತಲೆಗೆ ಹೋಯಿತು.

"ನೆಟ್ಟಗೆ ಕೂತ್ಕೊಳ್ಳೋದು?" ಅವಳ ದನಿ ಸಣ್ಣಗಾಗಿತ್ತು.

ಹಿಂದಿನಿಂದ ಪೋಸ್ಟ್‌ಮಾಸ್ಟರ್ ಅರಚಿದರು. "ಅವನು ಬಗ್ಗಿದ್ರೆ ನಿಂಗೆ ಗಾಳಿ ಬಡಿಯುತ್ತೆ ಕಣಮ್ಮ! ಗೋಡೆ ಥರ ಕೂತು ತಾನು ಸಾಯ್ತಿದಾನೆ! ಮಾತುಕತೆ ಆಮೇಲೆ ಆಡ್ರೋ, ನನ್ನ ಪ್ರಾಣ ಹೋಗ್ತಿದೆ ಇಲ್ಲಿ!"

ಅವಳು ತಿರುಗಿ ನೋಡಿದಳು. ಆ ಹಿರಿಯರ ಕೆನ್ನೆಯ ಮೇಲೆ ಬೆವರು ಒಣಗಿ ಉಪ್ಪಾಗಿತ್ತು. ಕಂಬನ ತುಟಿ ಬಿಳಿಚಿಕೊಂಡಿತ್ತು. ಇಷ್ಟನ್ನೂ ತನಗಾಗಿ...

ಅವಳು ಹಿಂದೆ ಸರಿದಳು. ಅವನ ಅಗಲವಾದ ಬೆನ್ನು ಮುಂದೆ ಬಂತು. ಗಾಳಿ ಸ್ವಿಚ್ ಒತ್ತಿದಂತೆ ನಿಂತಿತು. ತನಗಾಗಿ ಯಾರೋ ಗಾಳಿಗೆ ಎದೆಯೊಡ್ಡಿದ್ದಾರೆ, ಅದನ್ನು ಸುಮ್ಮನೆ ತೆಗೆದುಕೊಳ್ಳಬಹುದು... ಅದು ಅವಳಿಗೆ ಗೊತ್ತೇ ಇರಲಿಲ್ಲ. ಕಣ್ಣು ಮಂಜಾಯಿತು. ಅವಳು ಅಳುತ್ತಲೇ ತುಳಿದಳು.

ಗುಡ್ಡದ ಬುಡದಲ್ಲಿ ಪೋಸ್ಟ್‌ಮಾಸ್ಟರ್ ಹಿಂದೆ ಬಿದ್ದರು. ಮೊದಲ ತಿರುವಿನಲ್ಲಿ ಕಂಬ ಪಕ್ಕಕ್ಕೆ ಸರಿದ.

"ಹೋಗಿ."

"ನೀವು?"

"ನನ್ನದಿಷ್ಟೇ. ಹೋಗಿ... ದಯವಿಟ್ಟು."

ಅವರನ್ನು ಬಿಟ್ಟು ಹೋಗುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಆದರೆ ನಿಂತರೆ ಅವರು ಸುರಿಸಿದ ಬೆವರೆಲ್ಲ ವ್ಯರ್ಥ! ಅವಳು ಸೀಟಿನಿಂದೆದ್ದು ತುಳಿದಳು. ಒಬ್ಬರನ್ನು ದಾಟಿದಳು. ಇನ್ನೊಬ್ಬರನ್ನು. ನಿದ್ದೆಯ ಮಾತಾಡಿದ್ದವನನ್ನೂ ದಾಟಿದಳು. ಅವನ ಕಡೆ ನೋಡುವಷ್ಟೂ ಪುರುಸೊತ್ತಿರಲಿಲ್ಲ.

ಐದನೆಯ ಸ್ಥಾನ! ಆ ತಂಡ ಅಷ್ಟು ಮೇಲೆ ಬಂದದ್ದು ಅದೇ ಮೊದಲು. ಯಾರೋ ಕೈ ಕುಲುಕಿದರು, ಯಾರೋ ನೀರು ಕೊಟ್ಟರು. ಅವಳು ಮಾತ್ರ ಗೆರೆಯ ಹತ್ತಿರವೇ ನಿಂತು ರಸ್ತೆ ನೋಡುತ್ತಿದ್ದಳು.

ಬಹಳ ಹೊತ್ತಿನ ಮೇಲೆ ಅವನು ಕಾಣಿಸಿದ. ಸೈಕಲ್ ಆ ಅಂಚಿನಿಂದ ಈ ಅಂಚಿಗೆ ಹಾವಿನಂತೆ ಬರುತ್ತಿತ್ತು. ಗೆರೆ ದಾಟಿದವನಿಗೆ ಇಳಿಯಲೂ ಆಗಲಿಲ್ಲ. ಅವಳು ಓಡಿಹೋಗಿ ಹ್ಯಾಂಡಲ್ ಹಿಡಿದುಕೊಂಡಳು. ಹೇಗೋ ಇಳಿದು ರಸ್ತೆಬದಿಯ ಹುಲ್ಲಿನ ಮೇಲೆ ಕುಸಿದ.

"ಎಷ್ಟನೇದು?"

"ಐದು."

ಅವನು ಕಣ್ಣು ಮುಚ್ಚಿ ನಕ್ಕ. ಚಿಕ್ಕ ಹುಡುಗನ ನಗು.

ಅವಳು ಪಕ್ಕದಲ್ಲಿ ಕೂತಳು. ಥ್ಯಾಂಕ್ಸ್ ಅನ್ನುವ ಮಾತು ಬಾಯಿಗೆ ಬಂದು, ಸಾಲದೆನಿಸಿ ಹಿಂದೆ ಹೋಯಿತು.

"ಒಂದ್ಸಲಾನೂ ಹಿಂದೆ ತಿರುಗಿ ನೋಡ್ತಿರಲಿಲ್ಲ ನೀವು. ನಾನಿದೀನೋ ಇಲ್ವೋ ಅಂತ ಕೂಡ..."

"ನಿಮ್ಮ ಉಸಿರು ಕೇಳ್ತಿತ್ತಲ್ಲ. ಲಿಫ್ಟಿನವನು ನಾನು, ಸದ್ದಲ್ಲೇ ಎಲ್ಲ ಗೊತ್ತಾಗುತ್ತೆ." ಅವನು ಹುಲ್ಲಿನ ಎಸಳೊಂದನ್ನು ಕಿತ್ತು ತಿರುಗಿಸಿದ. "ಮತ್ತೆ... ನಿಜ ಹೇಳ್ಬೇಕಂದ್ರೆ, ತಿರುಗಿ ನಿಮ್ಮ ಮುಖ ನೋಡಿದ್ರೆ ರಸ್ತೆ ಮರೆತುಬಿಡ್ತೀನಿ ಅಂತ ಭಯ. ಎಷ್ಟೋ ದಿನದಿಂದ ಇದೆ ಅದು. ಹೇಳೋಕೆ ಬಾಯಿ ಬರಲಿಲ್ಲ."

ಅವಳ ಎದೆಯ ಬಡಿತ ಗುಡ್ಡ ಹತ್ತುವಾಗ ಇದ್ದುದಕ್ಕಿಂತ ಜೋರಾಯಿತು.

"ಇವತ್ತಿಗೆ ತಂಡ ಬಿಡಬೇಕು ಅಂತ ಬಂದಿದ್ದೆ," ಎಂದಳು ಮೆಲ್ಲಗೆ. "ಬಿಡಲ್ಲ. ತಂಡಾನೂ ಬಿಡಲ್ಲ... ನಿಮ್ಮನ್ನೂ."

ಅವನು ಈಗ ತಿರುಗಿದ. ಪೂರ್ತಿ ತಿರುಗಿ, ಅವಸರವಿಲ್ಲದೆ ಅವಳ ಮುಖ ನೋಡಿದ. ಅವಳೂ ಕಣ್ಣು ತಗ್ಗಿಸಲಿಲ್ಲ.

ಕೆಳಗಿನ ತಿರುವಿನಲ್ಲಿ ಪೋಸ್ಟ್‌ಮಾಸ್ಟರ್ ಸೈಕಲ್ ತಳ್ಳಿಕೊಂಡು, ಯಾರನ್ನೋ ಬೈಯುತ್ತಾ ಬರುವುದು ಕಂಡಿತು. ಇಬ್ಬರೂ ಕೈಯೆತ್ತಿ ಬೀಸಿದರು.

"ಹೋಗಿ ಅವರನ್ನ ಕರ್ಕೊಂಡು ಬರೋಣ್ವಾ?" ಎಂದಳು ಅವಳು.

"ಹೋಗಬೇಕು... ಆದ್ರೆ ಕಾಲು ಎದ್ದೇಳ್ತಿಲ್ಲ."

"ಕೈ ಕೊಡಿ ಇಲ್ಲಿ."

ಅವನು ಕೊಟ್ಟ. ಅವಳು ಆ ಕೈಯನ್ನು ಹಿಡಿದುಕೊಂಡಳು. ಎಳೆಯುವುದು ಮರೆತೇ ಹೋಯಿತು.