ಪಕ್ಕದ ಸಾಲಿನ ಬಳ್ಳಿ

“ಯಾರ್ರೀ ನನ್ನ ಬಳ್ಳಿ ಕಿತ್ತಿದ್ದು?!”

ತಳಿ ವಿಜ್ಞಾನಿಯ ಕೂಗು ಸಂಶೋಧನಾ ತೋಟದ ಬೇಲಿಯಾಚೆಗೂ ಕೇಳಿಸಿತು. ಹಿಂದಿನ ದಿನವಷ್ಟೇ ಸೇರಿದ್ದ ಹೊಸ ಸೂಪರ್‌ವೈಸರ್ ಹೆಮ್ಮೆಯಿಂದ ಮುಂದೆ ಬಂದ.

“ನಾನೇ ಮೇಡಂ. ನಿಮ್ಮದು ಬೀಜವಿಲ್ಲದ ಕಲ್ಲಂಗಡಿ ತಾನೇ? ನಡುನಡುವೆ ಬೀಜದ ಬಳ್ಳಿ ಬೆರಕೆಯಾಗಿತ್ತು. ಒಂದೂ ಬಿಡದೆ ಕಿತ್ಹಾಕ್ದೆ!”

ಅವಳಿಗೆ ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ.

“ಬೆರಕೆಯಲ್ಲ, ನಾನೇ ನೆಟ್ಟಿದ್ದು! ಮಾಮೂಲಿ ಬಳ್ಳೀಲಿ ವರ್ಣತಂತುಗಳು ಎರಡು ಸೆಟ್ ಇರ್ತವೆ. ನನ್ನ ಬಳ್ಳೀಲಿ ಮೂರು. ಮೂರನ್ನ ಸಮವಾಗಿ ಇಬ್ಭಾಗ ಮಾಡೋಕಾಗಲ್ಲ, ಅದಕ್ಕೇ ಬೀಜ ಕಟ್ಟಲ್ಲ. ಅದರ ಪರಾಗವೂ ಕೆಲಸಕ್ಕೆ ಬರಲ್ಲ. ಪಕ್ಕದ ಬೀಜದ ಬಳ್ಳಿಯಿಂದ ಪರಾಗ ಬಂದ್ರೇನೇ ಕಾಯಿ ಕಚ್ಚೋದು!”

ಅವನು ಇಂಗು ತಿಂದ ಮಂಗನಂತಾದ.

“ಮತ್ತೆ ಬಿತ್ತಿದ್ರೆ...?”

“ಹೂವಿನ ಹೊತ್ತಿಗೆ ಬರಲ್ಲ! ಈ ಸಲ ಕಾಯಿ ಬರದಿದ್ರೆ ನನ್ನ ಪ್ರಯೋಗಕ್ಕೆ ಬೀಗ. ಒಂದು ಮಾತು ಕೇಳ್ಬಾರ್ದಿತ್ತಾ? ಇನ್ನು ಮುಖ ತೋರಿಸ್ಬೇಡಿ ನಂಗೆ!”

ಅವನು ತೋರಿಸಲೂ ಇಲ್ಲ. ಅದಕ್ಕೂ ಅವಳಿಗೆ ಸಿಟ್ಟು! ತಪ್ಪು ಮಾಡಿದವನು ಬೈಸಿಕೊಳ್ಳಲಿಕ್ಕಾದರೂ ಎದುರಿಗಿರಬೇಡವೇ? ಊಟದ ಕೋಣೆಯಲ್ಲಿ ಬೆನ್ನು, ಶೆಡ್ಡಿನಲ್ಲಿ ಬೆನ್ನು... ಆ ಬೆನ್ನನ್ನೇ ತನ್ನ ಕಣ್ಣು ಹುಡುಕುತ್ತಿದೆ ಎಂದು ಗೊತ್ತಾದಾಗಲಂತೂ ತನ್ನ ಮೇಲೇ ಕೋಪ ಉಕ್ಕಿತು.

“ಕೆಲಸದಿಂದ ತೆಗೆಸು ಅಕ್ಕಾ, ಬೇಡಾಂದೋರ್ಯಾರು?” ಎಂದಳು ತಂಗಿ ಫೋನಿನಲ್ಲಿ.

“ತೆಗೆಸ್ತೀನಿ ನೋಡ್ತಿರು!”

ತೆಗೆಸಲಿಲ್ಲ.

ಬಳ್ಳಿಗಳು ಹೂ ಬಿಟ್ಟವು. ಉದುರುವುದನ್ನು ನೋಡಲಾರದೆ ಅವಳು ವಾರವಿಡೀ ಆ ಕಡೆ ತಲೆಹಾಕಲಿಲ್ಲ. ಮೇಲಧಿಕಾರಿ ವರದಿ ಕೇಳಿದ ಮೇಲೆ ವಿಧಿಯಿಲ್ಲದೆ ಒಂದು ಬೆಳಿಗ್ಗೆ ಹೋದಳು.

ಅವನು ಸಾಲಿನ ನಡುವೆ ಮಂಡಿಯೂರಿದ್ದ. ಪಕ್ಕದಲ್ಲಿ ಬುಟ್ಟಿ ತುಂಬ ಗಂಡು ಹೂ. ಒಂದೊಂದನ್ನೇ ಹೆಣ್ಣು ಹೂವಿಗೆ ಮೆತ್ತಗೆ ಸವರುತ್ತಿದ್ದ.

“ಎಲ್ಲಿಂದ ತಂದ್ರಿ?”

ಅವನು ಬೆಚ್ಚಿದ. “ಅಕ್ಕನ ಹೊಲದಿಂದ. ಅಲ್ಲಿರೋದು ಬೀಜದ್ದೇ. ಬೆಳಗಾಗ್ತಿದ್ದಂಗೆ ಬಿಡಿಸ್ಕೊಂಡು, ಎರಡು ಬಸ್ ಹತ್ತಿ ಬರ್ತೀನಿ. ‘ಯಾವ ಹುಡುಗಿಗೋ ಇಷ್ಟೊಂದು ಹೂವು?’ ಅಂತ ದಿನಾ ಆಡ್ಕೋತಾಳೆ.”

“ಏನಂದ್ರಿ ಅವರಿಗೆ?”

“‘ನನ್ನ ಮುಖ ನೋಡಲ್ಲ ಅಂದವಳಿಗೆ’ ಅಂದೆ.”

ಎಲೆಯ ಮರೆಯಲ್ಲಿ ನಿಂಬೆಗಾತ್ರದ ಮಿಡಿಗಳು! ಅವಳ ಕಣ್ಣು ತುಂಬಿ ಬಂತು.

“ಹೇಳ್ಬಾರ್ದಿತ್ತಾ? ಎಷ್ಟು ಒದ್ದಾಡ್ದೆ ಗೊತ್ತಾ!”

“ಕಾಯಿ ಕಚ್ಚದಿದ್ರೆ? ಇನ್ನೊಂದ್ಸಲ ನಿಮ್ಮ ಆಸೆ ಕೆಡಿಸೋ ಧೈರ್ಯ ಇರ್ಲಿಲ್ಲ.”

ಅವಳು ಮಣ್ಣಲ್ಲೇ ಎದುರು ಕುಳಿತು ಬುಟ್ಟಿಯಿಂದ ಒಂದು ಹೂ ತೆಗೆದಳು.

“ಇನ್ಮೇಲೆ ಕೇಳದೆ ಏನೂ ಮಾಡ್ಬೇಡಿ.”

“ಹಾಗಾದ್ರೆ ಕೇಳ್ಬಿಡ್ತೀನಿ... ಕಾಯಿ ಆದ್ಮೇಲೂ ನಿಮ್ಮ ಪಕ್ಕದಲ್ಲೇ ಇರ್ಲಾ?”

ಅವಳು ಕಣ್ಣೊರೆಸಿಕೊಂಡು ನಕ್ಕಳು.

“ಪಕ್ಕದಲ್ಲಿರೋದನ್ನ ಕಿತ್ಹಾಕೋಕೆ ನಾನೇನು ನೀವಾ?”