ಗುಡುಗಣ್ಣನ ಕೊನೆಯ ಮಾತು

ಚಿತ್ರ ಬರೆಯುವವಳು ನಾನು. ಪಾತ್ರದ ಬಾಯಿಯ ಪಕ್ಕ ಮಾತಿನ ಬಲೂನನ್ನು ಖಾಲಿ ಬಿಡುತ್ತೇನೆ, ಅದರೊಳಗೆ ಮಾತು ತುಂಬುವವನು ನಮ್ಮ ಆಫೀಸಿನಲ್ಲಿ ಕಥೆ ಬರೆಯುವ ಅವನು. ನಮ್ಮ ಕಾಮಿಕ್ಸ್ ಮೊದಲಿನಿಂದಲೂ ನಡೆದದ್ದು ಹೀಗೆಯೇ. ನಾನೆಷ್ಟು ಜಾಗ ಬಿಟ್ಟರೆ ಅವನ ಹೀರೋ ಅಷ್ಟು ಮಾತಾಡಬೇಕು.

ಹೀರೋ ಹೆಸರು ಗುಡುಗಣ್ಣ. ಹಾರುತ್ತಾನೆ, ಊರು ಕಾಯುತ್ತಾನೆ, ಇಳಿಯುವಾಗ ಮಾತ್ರ ದಬಕ್ಕನೆ ಬೀಳುತ್ತಾನೆ. ಪ್ರತಿ ಸಂಚಿಕೆಯ ಕೊನೆಗೆ ಒಬ್ಬ ನರ್ಸ್ ಅವನಿಗೆ ಪಟ್ಟಿ ಕಟ್ಟುತ್ತಾಳೆ. ಅವಳಿಗೆ ಮನಸ್ಸಿನ ಮಾತು ಹೇಳಲು ಅವನು ಬಾಯಿ ತೆರೆದರೆ ಜೋಕೊಂದು ಹೊರಬರುತ್ತದೆ.

“ನಗು ಜಾಸ್ತಿ ಆಯ್ತು, ಕಥೆ ಎಲ್ಲಿ?” ಎಂದು ನಾನು ಜಗಳ ತೆಗೆಯುತ್ತಿದ್ದೆ.

“ಓದೋರು ಅತ್ತುಬಿಟ್ರೆ ಪುಟ ಒದ್ದೆ ಆಗುತ್ತೆ ಮೇಡಂ,” ಎಂದು ನನ್ನ ಕಿವಿಯ ಮೇಲಿನ ಪೆನ್ಸಿಲ್ ಎಗರಿಸಿಕೊಂಡು ಹೋಗುತ್ತಿದ್ದ. ಅದನ್ನು ಕಿತ್ತುಕೊಳ್ಳಲು ಅವನ ಮೇಜಿಗೆ ಹೋಗುವುದು ನನಗೆಷ್ಟು ಇಷ್ಟವೆಂದರೆ, ಬೇಕೆಂದೇ ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದೆ.

ಈಗ ಕಾಮಿಕ್ಸ್ ನಿಲ್ಲುತ್ತಿದೆ. ಕೊನೆಯ ಸಂಚಿಕೆಯ ಕೊನೆಯ ಪುಟ ಮುಗಿಸಬೇಕಾದ ದಿನವೇ ಅಕ್ಕನ ಫೋನ್. “ಹುಡುಗನ ಮನೆಯವ್ರಿಗೆ ಸಂಜೆಯೊಳಗೆ ಉತ್ತರ ಹೇಳ್ಬೇಕು ಕಣೆ. ಇನ್ನೆಷ್ಟು ಸತಾಯಿಸ್ತೀಯ?”

ಮಾತು ತುಂಬುವವನಿಗೂ ಇದನ್ನು ಹೇಳಿದೆ.

“ಹುಡುಗ ಜೋಕ್ ಹೇಳ್ತಾನಾ?”

“ಇಲ್ಲ. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡ್ತಾನೆ.”

“ಪಾಪ,” ಎಂದ. ನಗಲಿಲ್ಲ.

ಕೊನೆಯ ಚಿತ್ರದಲ್ಲಿ ನರ್ಸ್ ಕೇಳುತ್ತಾಳೆ, “ಇನ್ನು ಇಲ್ಲಿಗೆ ಬರಲ್ವಾ?” ಗುಡುಗಣ್ಣನ ಉತ್ತರಕ್ಕೆ ಅರ್ಧ ಚಿತ್ರವನ್ನೇ ನುಂಗುವ ಬಲೂನು ಬರೆದೆ. ನಾಚಿಕೆಯಿಲ್ಲದೆ ಬರೆದೆ. ಹಾಳೆಯನ್ನು ಅವನ ಮುಂದಿಟ್ಟು, “ಜಾಗ ಬೇಕಾದಷ್ಟಿದೆ. ಇದೊಂದ್ಸಲ ಹೇಳಿಸು,” ಎಂದೆ.

ಅವನು ನನ್ನನ್ನೇ ನೋಡಿದ. ಅರ್ಥವಾಗಿತ್ತು, ಕಿವಿ ಕೆಂಪಾಗಿತ್ತು. ಮಧ್ಯಾಹ್ನವೆಲ್ಲ ಬರೆದ, ಅಳಿಸಿದ, ಮತ್ತೆ ಬರೆದ. ಸಂಜೆ ಹಾಳೆ ತಂದಿಟ್ಟ. ಬಲೂನಿನೊಳಗೆ ಇದ್ದದ್ದು:

“ಬಿದ್ರೆ ಬರ್ತೀನಿ.”

ಅಷ್ಟೇ. ಸಂಪಾದಕರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಹಾಳು ಬಾಯಿಗೂ ನಗು ಬಂತು. ಏನು ಮಾಡಲಿ, ಅದು ನಿಜಕ್ಕೂ ಒಳ್ಳೆಯ ಜೋಕು.

“ಇದಕ್ಕಿಂತ ಜಾಸ್ತಿ ನನ್ನ ಕೈಲಿ ಆಗಲ್ಲ,” ಎಂದ ಮೆಲ್ಲಗೆ. ಮೊದಲ ಸಲ ತಾನಾಗಿಯೇ ಪೆನ್ಸಿಲ್ ವಾಪಸು ಕೊಟ್ಟ.

“ಗೊತ್ತಾಯ್ತು ಬಿಡು,” ಎಂದೆ.

ಅಕ್ಕನಿಗೆ ಫೋನ್ ಮಾಡಿ ಹೂಂ ಎಂದೆ. ಆಮೇಲೆ ಕೂತು, ಆ ಎರಡು ಮಾತಿಗೆ ಸಾಕಾಗುವಷ್ಟು ಬಲೂನನ್ನು ಚಿಕ್ಕದು ಮಾಡಿದೆ. ಉಳಿದ ಜಾಗವನ್ನು ಖಾಲಿ ಬಿಡುವಂತಿರಲಿಲ್ಲ. ಅಲ್ಲಿ ಆಸ್ಪತ್ರೆಯ ಗೋಡೆ ಬರೆದೆ, ಒಂದೊಂದೇ ಇಟ್ಟಿಗೆ.